ನೀರಿನ ತಪ್ಪಿಗೆ ಸೊಸೆಯೇ ಹೊಣೆಯೆ?

ನಾನು ಚಿಕ್ಕವಳಿದ್ದಾಗ ಶಿರವಾಳದ ನಮ್ಮ ಓಣಿಯಲ್ಲಿ ಯಾರ ಮನೆಗಾದರೂ ಕನ್ಯೆ ನೋಡಲು ಬೀಗರು ಬರುತ್ತಾರೆಂದರೆ ಮೊದಲು ನಡೆಯುತ್ತಿದ್ದುದು ನೀರಿನ ತಯಾರಿ. ಹಿಂದಿನ ದಿನ ಸಂಜೆಯೇ ಯಾರಾದರೂ ಹುಡುಗಿ ಊರಾಚೆಯ ಸಿಹಿನೀರಿನ ಭಾವಿಗೆ ಹೋಗಿ ಒಂದು ಕೊಡ ನೀರು ತಂದಿಡಬೇಕು. ಆ ನೀರು ಕುಡಿಯಲಿಕ್ಕಲ್ಲ, ತೊಗರಿ ಬೇಳೆ ಬೇಯಿಸಲಿಕ್ಕೆ. ಓಣಿಯ ಸವಳು ನೀರಿನಲ್ಲಿ ಬೇಳೆ ಇಟ್ಟರೆ ಎರಡು ತಾಸು ಕುದಿದರೂ ಹರಳು ಹರಳಾಗಿಯೇ ಉಳಿಯುತ್ತಿತ್ತು. ಬಂದವರಲ್ಲಿ ಯಾವಳಾದರೂ ಮುದುಕಿ ಬೇಳೆಯನ್ನು ಬೆರಳಿನಲ್ಲಿ ಹಿಸುಕಿ ನೋಡಿ, "ಹುಡಿಗಿಗಿ ಅಡಿಗಿ ಬರಂಗಿಲ್ಲೇನ್ರಿ?" ಎಂದರೆ ಮುಗಿಯಿತು, ಸಂಬಂಧ ಅಲ್ಲಿಗೇ ನಿಂತಿತು. ನೀರಿನಲ್ಲಿ ಸುಣ್ಣ ಹೆಚ್ಚಿದ್ದುದು ಹುಡುಗಿಯ ಗುಣವಾಗಿ ಹೋಗುತ್ತಿತ್ತು.

ಇಷ್ಟು ಹಳೆಯ ಪುರಾಣ ಯಾಕೆ ತೆಗೆದೆನೆಂದರೆ, ಹೋದ ವರ್ಷ ಕಲಬುರಗಿಯಲ್ಲಿ ನನ್ನ ತಮ್ಮನ ಹೊಸ ಮನೆಯಲ್ಲಿ ಅದೇ ಲೆಕ್ಕ ಮತ್ತೆ ನನ್ನ ಕಣ್ಣೆದುರಿಗೇ ನಡೆಯಿತು. ಬೇಳೆಯ ಜಾಗಕ್ಕೆ ಬಿಸಿನೀರಿನ ತೊಟ್ಟಿ ಬಂದಿತ್ತು, ಅಷ್ಟೇ ವ್ಯತ್ಯಾಸ.

ತಮ್ಮನ ಮಗ ಕೆಲವು ವರ್ಷ ದುಬೈಯಲ್ಲಿದ್ದು ಬಂದವನು. ತಂದೆಗೆ ಮೊಣಕಾಲು ನೋವು, ಬಿಸಿನೀರಿನಲ್ಲಿ ಕುಳಿತರೆ ಆರಾಮಾಗುತ್ತದೆ ಎಂದು ಮಾಳಿಗೆಯ ಮೇಲೆ ಹಾಟ್ ಟಬ್ ಕೂಡಿಸಿದ. ನಾಲ್ಕು ಮಂದಿ ಕಾಲು ಚಾಚಿ ಕೂಡುವಷ್ಟು ದೊಡ್ಡದು, 1200 ಲೀಟರ್ ನೀರು ಹಿಡಿಯುತ್ತದೆ. ಒಳಗೆ ಹೀಟರ್, ಪಂಪು, ನೀರು ಸೋಸುವ ಫಿಲ್ಟರ್. ಗುಂಡಿ ಒತ್ತಿದರೆ ಸುತ್ತಲಿನ ತೂತುಗಳಿಂದ ಗಾಳಿ ಬೆರೆತ ನೀರು ಚಿಮ್ಮಿ ಬೆನ್ನು ತಿಕ್ಕುತ್ತದೆ. ಊರಿಂದ ಬಂದಿದ್ದ ನಮ್ಮ ದೊಡ್ಡವ್ವ ಅದನ್ನು ಸುತ್ತು ಹಾಕಿ ನೋಡಿ, "ಎತ್ತಿಗಿ ನೀರ್ ಕುಡಸೋ ಬಾನಿ ಮಾಳಿಗಿ ಮ್ಯಾಲ ಯಾಕ ಇಟ್ಟಾರ?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ.

ನನಗೂ ಮೊದಲು ಸಿಟ್ಟೇ ಬಂದಿತ್ತು. ಕಲಬುರಗಿಯಂಥ ಊರಿನಲ್ಲಿ ಹಾಟ್ ಟಬ್ಬೆ? ಮೇ ತಿಂಗಳಲ್ಲಿ ನಳ ತಿರುಗಿಸಿದರೆ ಬರುವುದೇ ಕುದಿನೀರು. ಕೊಡ ನೀರಿಗೆ ಪಾಳಿ ಹಚ್ಚಿ ನಿಂತ ಜನ ನಾವು, ಈ ಹುಡುಗರಿಗೆ ಏನು ಸೊಕ್ಕು ಎಂದುಕೊಂಡೆ. ಆದರೆ ಮಾಸ್ತರಿಕೆಯ ಚಟ ನೋಡಿ, ಲೆಕ್ಕ ಮಾಡದೆ ಬೈಯಲು ಮನಸ್ಸು ಒಪ್ಪುವುದಿಲ್ಲ. ಆ ತೊಟ್ಟಿಯ ನೀರನ್ನು ದಿನವೂ ಚೆಲ್ಲುವುದಿಲ್ಲ. ಮೂರು ತಿಂಗಳಿಗೊಮ್ಮೆ ಬದಲಿಸುತ್ತಾರೆ. 1200 ಲೀಟರನ್ನು 90 ದಿನಕ್ಕೆ ಹಂಚಿದರೆ ದಿನಕ್ಕೆ ಹದಿಮೂರು ಲೀಟರ್ ಚಿಲ್ಲರೆ, ಅಂದರೆ ಒಂದು ಬಕೀಟು. ಆವಿಯಾಗಿ ಹೋದುದನ್ನು ತುಂಬಿಸಿದರೂ ಎರಡು ಬಕೀಟು ದಾಟಲಿಕ್ಕಿಲ್ಲ. ಅದೇ ಮನೆಯ ಕೆಳಗಿನ ಬಚ್ಚಲಲ್ಲಿ ಷವರ್ ಬಿಟ್ಟುಕೊಂಡು ಹಾಡುತ್ತ ನಿಲ್ಲುವ ಹುಡುಗ ಅದಕ್ಕಿಂತ ಹೆಚ್ಚು ಚೆಲ್ಲುತ್ತಾನೆ. ಆದ್ದರಿಂದ ನೀರು ಪೋಲಾಯಿತೆಂಬ ತಕರಾರನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಕರೆಂಟಿನ ಬಿಲ್ಲು ಬೇರೆ ಮಾತು, ಅದು ತಮ್ಮನ ಜೇಬು.

ನನ್ನ ತಕರಾರು ಬೇರೆಯೇ ಇದೆ.

ಟಬ್ಬು ಆರಿಸಿದವರು ಗಂಡಸರು. ಯಾವ ಬಣ್ಣ, ಎಷ್ಟು ದುಡ್ಡು, ಎಲ್ಲಿ ಕೂಡಿಸಬೇಕು ಎಂದು ಅಂಗಡಿಯವನ ಜೊತೆ ಕುಳಿತು ಚಹಾ ಕುಡಿದು ನಿಶ್ಚಯಿಸಿದವರು ಗಂಡಸರು. ಟಬ್ಬಿನ ಜೊತೆ ಬಂದ ಔಷಧದ ಪೆಟ್ಟಿಗೆ ಮಾತ್ರ ಸೀದಾ ಸೊಸೆಯ ಕೈಗೆ ಬಂತು. ಐದಾರು ಡಬ್ಬಿ, ಎಲ್ಲದರ ಮೇಲೂ ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರ. "ವಾರಕ್ಕ ಎರಡ್ ಸಲ ಇದ್ರಾಗಿಂದು ಸ್ವಲ್ಪ ಸ್ವಲ್ಪ ಹಾಕ್ರಿ, ಸಾಕು" ಎಂದು ಅಂಗಡಿಯವನು ಹೇಳಿ ಹೋದನಂತೆ. ಸ್ವಲ್ಪವೆಂದರೆ ಎಷ್ಟು? ಯಾವುದು ಮೊದಲು? ಕೇಳಿದರೆ ಗಂಡ, "ಉಪ್ಪು ಖಾರ ಹಾಕ್ದಂಗ ಹಾಕು, ಅದ್ರಾಗೇನದ" ಎಂದ. ಆ ಹುಡುಗಿ ಬಿಕಾಂ ಓದಿದವಳು, ಹೊಸದಾಗಿ ಬಂದ ಸೊಸೆಯೇನೂ ಅಲ್ಲ, ಆರು ವರ್ಷದ ಮಗಳಿದ್ದಾಳೆ. ಆದರೂ ಆ ಮನೆಯಲ್ಲಿ ಎರಡನೆಯ ಸಲ ಪ್ರಶ್ನೆ ಕೇಳುವ ರೂಢಿ ಇಲ್ಲ. ಅಂದಾಜಿನ ಮೇಲೆ ಎರಡು ಮುಚ್ಚಳ ಹಾಕುತ್ತ ಬಂದಳು.

ಮೂರು ವಾರಕ್ಕೆ ಟಬ್ಬಿನ ಬಿಳುಪು ಅಂಚಿಗೆ ಸುಣ್ಣದ ಪರೆ ಕಟ್ಟಿತು. ನೀರು ಮಬ್ಬಾಯಿತು. ನೀರಿನ ಹತ್ತಿರ ಹೋದರೆ ಮೂಗಿಗೆ ಘಾಟು. ಐದನೆಯ ವಾರಕ್ಕೆ ಮೊಮ್ಮಗಳ ಹೊಟ್ಟೆ, ತೊಡೆ, ಬೆನ್ನಿನ ಮೇಲೆ ಕೆಂಪು ಗುಳ್ಳೆ ಎದ್ದವು. ಕೂಸು ರಾತ್ರಿಯೆಲ್ಲ ತುರಿಸಿಕೊಂಡು ಅಳುತ್ತಿತ್ತು.

ನಾನು ಹೋದ ದಿನ ಮನೆ ನ್ಯಾಯಾಲಯವಾಗಿತ್ತು. ತಮ್ಮನ ಹೆಂಡತಿ, "ಬದನಿಕಾಯಿ ತಿನಸಬ್ಯಾಡ ಅಂತ ಬಡ್ಕೊಂಡೆ, ಕೇಳಲಿಲ್ಲ. ಈಗ ನೋಡ್ರಿ, ಕೂಸಿನ ಮೈ ಹೆಂಗಾಗ್ಯಾದ" ಎಂದಳು. ತಮ್ಮ, "ಅಷ್ಟ್ ರೊಕ್ಕ ಕೊಟ್ಟು ತಂದದ್ದು, ನೆಟ್ಟಗ ತೊಳಿಯಾಕ್ ಬರಂಗಿಲ್ಲ" ಎಂದ. ಗಂಡನಾದವನು ಫೋನು ನೋಡುತ್ತಿದ್ದ. ಸೊಸೆ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೆ ನನಗೆ ನಮ್ಮ ಓಣಿಯ ಬೇಯದ ಬೇಳೆ ನೆನಪಾಯಿತು.

ಆದರೆ ನಾನೇನು ಆ ದಿನ ಜಾಣಳಾಗಿರಲಿಲ್ಲ. ಇದನ್ನು ಮುಚ್ಚಿಡುವುದು ಬೇಡ. ನಮ್ಮ ಕಾಲದಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಹಂಡೆಗೆ ಬೇವಿನ ಸೊಪ್ಪು ಹಾಕಿ ಜಳಕ ಮಾಡಿಸುತ್ತಿದ್ದರಲ್ಲ, ಅದೇ ಭರವಸೆಯ ಮೇಲೆ ಎರಡು ಹಿಡಿ ಬೇವಿನ ಎಲೆ, ಒಂದು ಚಮಚೆ ಅರಿಶಿನ ಟಬ್ಬಿಗೆ ಹಾಕಿಸಿದೆ! ರಾತ್ರಿ ಹನ್ನೊಂದಕ್ಕೆ ಫಿಲ್ಟರ್ ಕಟ್ಟಿ ಪಂಪು ಗೊರಗೊರ ಎಂದು ಕೂಗಿಕೊಂಡಿತು. ನೀರು ಹಳದಿ, ಅಂಚು ಹಳದಿ, ತಮ್ಮನ ಮುಖ ಕೆಂಪು. ಹಂಡೆಯ ನೀರಿಗೂ ಟಬ್ಬಿನ ನೀರಿಗೂ ಇರುವ ಅಂತರ ಅವತ್ತು ನನಗೆ ತಿಳಿಯಿತು. ಹಂಡೆಯ ನೀರು ಒಬ್ಬರ ಮೈ ಮೇಲೆ ಒಮ್ಮೆ ಬಿದ್ದು ಬಚ್ಚಲಿನಿಂದ ಹರಿದು ಬಾಳೆಗಿಡಕ್ಕೆ ಹೋಗುತ್ತದೆ. ಟಬ್ಬಿನ ನೀರು ಅಲ್ಲಿಯೇ ಇರುತ್ತದೆ. ಇವತ್ತು ಕುಳಿತವರ ಬೆವರು, ಎಣ್ಣೆ, ಸಾಬೂನು ನಾಳೆ ಕೂಡುವವರಿಗಾಗಿ ಬೆಚ್ಚಗೆ ಕಾದಿರುತ್ತದೆ. ಇಂಥ ಬೆಚ್ಚನೆಯ ನೀರು ರೋಗಾಣುಗಳಿಗೆ ತವರುಮನೆ. ಅದಕ್ಕೆ ಕ್ಲೋರಿನ್ ಬೇಕು. ನಾನು ಹಾಕಿದ ಎಲೆ ಅರಿಶಿನ ಇದ್ದಬದ್ದ ಕ್ಲೋರಿನ್ನನ್ನೂ ತಿಂದುಹಾಕಿದ್ದವು.

ಮರುದಿನ ಚರ್ಮದ ಡಾಕ್ಟರು ಕೂಸನ್ನು ನೋಡಿ ಮೊದಲು ಕೇಳಿದ ಪ್ರಶ್ನೆಯೇ "ಸ್ವಿಮ್ಮಿಂಗ್ ಪೂಲು, ಟಬ್ಬು ಏನಾದ್ರೂ ಇದೆಯಾ?" ಎಂದು. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕ್ಲೋರಿನ್ ಸಾಲದ ಬಿಸಿನೀರಿನಲ್ಲಿ ಬೆಳೆದು ಕೂದಲಿನ ಬುಡದೊಳಗೆ ಹೊಕ್ಕು ಇಂಥ ಗುಳ್ಳೆ ಎಬ್ಬಿಸುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಮಾಯುತ್ತದೆ. ಇದಕ್ಕಿಂತ ಕೆಟ್ಟದ್ದೂ ಇದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ತಗುಲಿ ಹಲವರನ್ನು ಕೊಂದ ನ್ಯುಮೋನಿಯಾದ ಬ್ಯಾಕ್ಟೀರಿಯಾಕ್ಕೆ ಲೀಜನೆಲ್ಲಾ ಎಂದು ಹೆಸರು. ಅದೂ ಬೆಚ್ಚನೆಯ ನೀರನ್ನೇ ಮೆಚ್ಚುತ್ತದೆ, ತುಂತುರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ.

ಮುಂದಿನ ಕಥೆ ಒಂದು ಸಣ್ಣ ಡಬ್ಬಿಯದು. ಸೊಸೆ ಕೆಲವು ನೂರು ರೂಪಾಯಿ ಕೊಟ್ಟು ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳನ್ನು ತರಿಸಿದಳು. ಐವತ್ತು ಪಟ್ಟಿ, ಒಂದೊಂದರ ಮೇಲೆ ಬಣ್ಣದ ಚೌಕಗಳು. ನೀರಿಗೆ ಅದ್ದಿ ಹದಿನೈದು ಎಣಿಸಿ ಡಬ್ಬಿಯ ಮೇಲಿನ ಬಣ್ಣಕ್ಕೆ ಹೊಂದಿಸಿ ನೋಡಬೇಕು. ಲಕ್ಷಗಟ್ಟಲೆ ಸುರಿದು ಟಬ್ಬು ತಂದವರಿಗೆ ಇದು ಬೇಕೆಂದು ಹೊಳೆದಿರಲಿಲ್ಲ. ನಾನು ಬಿಎ ಬಿಎಡ್, ಕನ್ನಡ ಮತ್ತು ಸಮಾಜ ಹೇಳಿಕೊಡುವವಳು. ಆದರೆ ನಮ್ಮ ಕಡೆಯ ಶಾಲೆಗಳಲ್ಲಿ ವಿಜ್ಞಾನದ ಹುದ್ದೆ ಖಾಲಿ ಇದ್ದಾಗ ಯಾರು ಕೈಗೆ ಸಿಕ್ಕರೋ ಅವರೇ ವಿಜ್ಞಾನಿ. ಹಾಗೆ ಮೂರು ವರ್ಷ ಎಂಟನೆಯ ಇಯತ್ತೆಗೆ ಆಮ್ಲ, ಪ್ರತ್ಯಾಮ್ಲ, ಗಡಸು ನೀರು ಎಂದು ಬೋರ್ಡಿನ ಮೇಲೆ ಬರೆಸಿದ್ದೆ. ಬಚ್ಚಲಿನಲ್ಲಿ ಅದು ಉಪಯೋಗಕ್ಕೆ ಬಂದೀತೆಂದು ಅಂದುಕೊಂಡಿರಲಿಲ್ಲ.

ಪಟ್ಟಿ ಹೇಳಿದ್ದು ಇಷ್ಟು: ಗಡಸುತನದ ಬಣ್ಣ ಕೊನೆಯ ಚೌಕವನ್ನೂ ದಾಟಿತ್ತು. ಕ್ಷಾರೀಯತೆಯೂ ಹಾಗೆಯೇ. ಪಿಎಚ್ 8.4ರ ಬಣ್ಣ. ಅಷ್ಟೊಂದು ಘಾಟು ಹೊಡೆಯುತ್ತಿದ್ದ ನೀರಿನಲ್ಲಿ ಉಪಯೋಗಕ್ಕೆ ಬರುವ ಕ್ಲೋರಿನ್ ಸೊನ್ನೆ! "ಅತ್ತಿ, ಇಷ್ಟ್ ವಾಸ್ನಿ ಬರ್ತದ, ಸೊನ್ನಿ ಹೆಂಗ?" ಎಂದಳು ಸೊಸೆ. ಓದಿ ನೋಡಿದರೆ ಘಾಟು ಬರುವುದು ಬೆವರು, ಮೂತ್ರಗಳ ಜೊತೆ ಕೂಡಿ ಸೋತುಹೋದ ಕ್ಲೋರಿನ್ನಿನಿಂದ. ಘಾಟು ಹೊಡೆದರೆ ಔಷಧ ಹೆಚ್ಚಾಯಿತೆಂದು ನಾವು ಕೈ ಬಿಗಿ ಮಾಡುತ್ತೇವೆ. ನಿಜವಾಗಿ ಅದು ಸಾಲದೆಂಬ ಕೂಗು.

ಪಿಎಚ್ ಏರಿದರೆ ಏನಾಗುತ್ತದೆಂಬುದನ್ನೂ ಹೇಳಬೇಕು. ಪಿಎಚ್ 7.5 ಇದ್ದಾಗ ನೀರಿಗೆ ಹಾಕಿದ ಕ್ಲೋರಿನ್ನಿನ ಅರ್ಧದಷ್ಟು ರೋಗಾಣು ಕೊಲ್ಲುವ ಬಲವುಳ್ಳ ರೂಪದಲ್ಲಿರುತ್ತದೆ, 8.5ಕ್ಕೆ ಏರಿದರೆ ಹತ್ತರಲ್ಲಿ ಒಂದೇ ಪಾಲು. ಉಳಿದದ್ದು ಸಂಬಳ ತೆಗೆದುಕೊಂಡು ಕೆಲಸ ಮಾಡದ ನೌಕರನ ಹಾಗೆ ನೀರಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಟಬ್ಬಿನಲ್ಲಿ ಗುಳ್ಳೆ ಏಳುತ್ತವಲ್ಲ, ಆ ಗುಳ್ಳೆಗಳು ನೀರಿನಲ್ಲಿ ಕರಗಿದ ಇಂಗಾಲಾಮ್ಲವನ್ನು ಹೊರಗೆ ಒಯ್ಯುತ್ತವೆ. ಅದರಿಂದ ಪಿಎಚ್ ತಾನಾಗಿಯೇ ಏರುತ್ತ ಹೋಗುತ್ತದೆ. ಮೇಲಾಗಿ ಕಾಯಿಸಿದಷ್ಟೂ ಸುಣ್ಣ ನೀರಿನಿಂದ ಬಿಟ್ಟು ಹೀಟರಿಗೆ ಅಂಟುತ್ತದೆ. ನಿಮ್ಮ ಮನೆಯ ಗೀಸರಿನ ಕಾಯಿಲ್ ವರ್ಷಕ್ಕೊಮ್ಮೆ ಸುಡುವುದು, ಚಹಾದ ಪಾತ್ರೆಯ ತಳಕ್ಕೆ ಬಿಳಿ ಪರೆ ಕೂಡುವುದು ಇದೇ ಕಾರಣಕ್ಕೆ. ಕ್ಷಾರೀಯತೆ ಎಂಬುದನ್ನು ನಾನು ಸೊಸೆಗೆ ನೀರಿನ ತಾಳ್ಮೆ ಎಂದು ಹೇಳಿಕೊಟ್ಟೆ. ತಾಳ್ಮೆ ತೀರ ಕಡಿಮೆಯಾದರೆ ಒಂದು ಹನಿ ಆಮ್ಲಕ್ಕೇ ನೀರು ಸಿಡುಕುತ್ತದೆ. ತೀರ ಹೆಚ್ಚಾದರೆ ಏನು ಹಾಕಿದರೂ ಜಗ್ಗುವುದಿಲ್ಲ, ನಮ್ಮ ಕೆಲವು ಮಾವಂದಿರ ಹಾಗೆ. ಇದನ್ನು ಕೇಳಿ ಆ ಹುಡುಗಿ ಐದು ವಾರಗಳಲ್ಲಿ ಮೊದಲ ಸಲ ನಕ್ಕಳು.

ಆಮೇಲೆ ನಾವಿಬ್ಬರೂ ಔಷಧದ ಪೆಟ್ಟಿಗೆ ಬಿಚ್ಚಿ ಡಬ್ಬಿಗಳ ಇರುವೆ ಸಾಲನ್ನು ಭೂತಗನ್ನಡಿ ಹಿಡಿದು ಓದಿದೆವು. ಓದುತ್ತ ಹೋದಂತೆ ನನ್ನ ಮೈ ಉರಿಯಿತು. ಕ್ಷಾರೀಯತೆ ಹೆಚ್ಚಿಸುವ ಪುಡಿ ಎಂದು ದೊಡ್ಡ ಬೆಲೆಗೆ ಕೊಟ್ಟದ್ದು ಸೋಡಿಯಂ ಬೈಕಾರ್ಬೋನೇಟ್. ನಾವು ಮಿರ್ಚಿ ಭಜಿಗೆ ಹಾಕುವ ಸೋಡಾ! ಪಿಎಚ್ ಹೆಚ್ಚಿಸುವ ಪುಡಿ ಬಟ್ಟೆ ಒಗೆಯುವ ಸೋಡಾದ ಅಣ್ಣ. ಅದೂ ಹೋಗಲಿ. ಇನ್ನೊಂದು ಡಬ್ಬಿಯಲ್ಲಿ ಇದ್ದದ್ದು ನೀರಿನ ಗಡಸುತನವನ್ನು ಹೆಚ್ಚಿಸುವ ಕ್ಯಾಲ್ಸಿಯಂ ಕ್ಲೋರೈಡ್. ಎಲ್ಲಿ? ಕಲಬುರಗಿಯಲ್ಲಿ! ಮನೆಯ ನೆಲಕ್ಕೆ ಶಹಾಬಾದಿನ ಸುಣ್ಣದ ಕಲ್ಲು ಹಾಸಿ, ವಾಡಿ ಸೇಡಂಗಳಲ್ಲಿ ಅದೇ ಕಲ್ಲು ಅರೆದು ಸಿಮೆಂಟು ಮಾಡುವ ಜಿಲ್ಲೆಯಲ್ಲಿ! ಮಳೆನೀರಿನಂಥ ಮೆದು ನೀರು ಇರುವ ಯಾವುದೋ ದೇಶಕ್ಕೆ ಕಟ್ಟಿದ ಪೆಟ್ಟಿಗೆಯನ್ನು, ಬೋರಿನ ನೀರಿನ ಒಂದು ಲೋಟವನ್ನೂ ಪರೀಕ್ಷಿಸದೆ ನಮ್ಮ ತಲೆಗೆ ಕಟ್ಟಿದ್ದರು. ನಮ್ಮ ಹುಡುಗಿ ವಿಧೇಯಳಾಗಿ ವಾರಕ್ಕೆರಡು ಸಲ ಸುಣ್ಣದ ನೀರಿಗೆ ಮತ್ತಷ್ಟು ಸುಣ್ಣ, ಕ್ಷಾರದ ನೀರಿಗೆ ಮತ್ತಷ್ಟು ಕ್ಷಾರ ಸುರಿದಿದ್ದಳು. ತೊಳೆಯಲು ಬರುವುದಿಲ್ಲ ಎಂದು ಬೈಸಿಕೊಂಡದ್ದು ಇದಕ್ಕೆ.

ಟಬ್ಬನ್ನು ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆದೆವು. ನಳದ ನೀರಿಗೆ ಪಟ್ಟಿ ಅದ್ದಿದರೆ ಗಡಸುತನ ಬೋರಿನ ಅರ್ಧಕ್ಕಿಂತ ಕಡಿಮೆ. ಕಲಬುರಗಿಗೆ ನಳದಲ್ಲಿ ಬರುವುದು ಭೀಮಾ, ಬೆಣ್ಣೆತೊರೆಗಳ ನೀರು. ಎರಡು ಸರದಿ ನಳ ಬಂದಾಗ ಹಿಡಿದಿಟ್ಟು ಅದನ್ನೇ ತುಂಬಿಸಿದೆವು. ಮೊದಲು ಕ್ಷಾರೀಯತೆ ಲೀಟರಿಗೆ 80ರಿಂದ 120 ಮಿಲಿಗ್ರಾಂ ಒಳಗೆ ಬರುವ ತನಕ ಆಮ್ಲದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಪಂಪು ತಿರುಗಿಸಿ, ಕಾದು, ಮತ್ತೆ ಪಟ್ಟಿ ಅದ್ದಿ ನೋಡುವುದು. ಆಮ್ಲ ಹಾಕಿದರೆ ಪಿಎಚ್ಚೂ ಜೊತೆಗೇ ಕುಸಿಯುತ್ತದೆ. ಆಗ ಗಾಬರಿಯಾಗಿ ಸೋಡಾ ಸುರಿಯಬಾರದು. ಮುಚ್ಚಳ ತೆಗೆದು ಗುಳ್ಳೆ ಬಿಟ್ಟರೆ ಪಿಎಚ್ ಮಾತ್ರ ಮೆಲ್ಲಗೆ ಮೇಲೆ ಬರುತ್ತದೆ, 7.2 ಮತ್ತು 7.8ರ ನಡುವೆ ನಿಲ್ಲಿಸಬೇಕು. ಕ್ಲೋರಿನ್ ಕೊನೆಗೆ, ಲೀಟರಿಗೆ 3 ಮಿಲಿಗ್ರಾಮಿಗೆ ಕಡಿಮೆಯಾಗದಂತೆ. ಬಿಸಿನೀರಿನಲ್ಲಿ ಅದು ಬೇಗ ಸವೆಯುವುದರಿಂದ ಜನ ಇಳಿಯುವ ಮುಂಚೆ ಪ್ರತಿ ಸಲವೂ ನೋಡಬೇಕು. ನೀರು 40 ಡಿಗ್ರಿಗಿಂತ ಬಿಸಿ ಕೂಡದು. ಐದು ವರ್ಷದೊಳಗಿನ ಕೂಸುಗಳನ್ನು ಇಳಿಸಲೇಬಾರದು, ಬಸುರಿಯರು ಡಾಕ್ಟರನ್ನು ಕೇಳದೆ ಇಳಿಯಬಾರದು. ಇಳಿಯುವ ಮುಂಚೆ ಎಲ್ಲರೂ ಸಾಬೂನು ಹಚ್ಚಿ ಜಳಕ ಮಾಡಬೇಕು ಎಂದಾಗ ತಮ್ಮ, "ಜಳಕ ಮಾಡಿ ಮತ್ತ ಜಳಕಕ್ಕ ಇಳೀಬೇಕೇನು?" ಎಂದು ನಕ್ಕ. ಹೌದು, ಇಳಿಯಬೇಕು.

ಒಂದು ಮಾತು ಮಾತ್ರ ನಗೆಯದಲ್ಲ. ಆಮ್ಲವನ್ನೂ ಕ್ಲೋರಿನ್ ಪುಡಿಯನ್ನೂ ಒಂದೇ ಬಕೀಟಿನಲ್ಲಿ, ಒಂದೇ ಚಮಚೆಯಲ್ಲಿ ಬೆರೆಸಬಾರದು. ವಿಷಗಾಳಿ ಏಳುತ್ತದೆ. ನಮ್ಮ ಬಚ್ಚಲುಗಳಲ್ಲಿ ಫರಸಿ ತಿಕ್ಕುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಕೂಡಿಸಿ ಸುರಿಯುವ ಹೆಂಗಸರನ್ನು ನಾನು ಕಂಡಿದ್ದೇನೆ. ಚೆನ್ನಾಗಿ ಬೆಳ್ಳಗಾಗುತ್ತದೆಂದು ಅವರ ನಂಬಿಕೆ. ಕೆಮ್ಮು ಬಂದರೆ ಹೊಗೆ ಕುಡಿದಂತಾಯಿತು ಎನ್ನುತ್ತಾರೆ. ದಯವಿಟ್ಟು ಬೇಡ.

ಓದುವ ಗೆಳತಿಯರು ಕೇಳಬಹುದು, ಟಬ್ಬು ಇಟ್ಟುಕೊಂಡವರ ಮನೆ ರಗಳೆ ನಮಗೇಕೆ, ನಮ್ಮ ಮನೆಯಲ್ಲಿ ಇರುವುದು ಬಕೀಟು ಮತ್ತು ಮಗ್ಗು ಎಂದು. ನಿಮ್ಮ ಬಕೀಟಿನ ಲೆಕ್ಕವೂ ಅದೇ ವಹಿಯಲ್ಲಿದೆ. ಕೂದಲು ಉದುರಿದರೆ "ಎಣ್ಣಿ ಹಚ್ಕೊಳ್ಳಂಗಿಲ್ಲ". ಬಿಳಿ ಅಂಗಿ ಕಂದಿದರೆ "ಒಗ್ಯಾಕ್ ಬರಂಗಿಲ್ಲ". ಸ್ಟೀಲಿನ ಲೋಟದ ಮೇಲೆ ಬಿಳಿ ಚುಕ್ಕೆ ಕಂಡರೆ "ಬಳ್ಯಾಕ್ ಬರಂಗಿಲ್ಲ". ಗಡಸು ನೀರಿನಲ್ಲಿ ಸಾಬೂನು ನೊರೆ ಬರದೆ ಜಿಗುಟಾಗಿ ನೂಲಿಗೂ ಕೂದಲಿಗೂ ಅಂಟಿಕೊಳ್ಳುತ್ತದೆ, ಇದು ಎಂಟನೆಯ ಇಯತ್ತೆಯ ಪಾಠ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಎಂದಿದೆ. ನಿಮ್ಮ ಮನೆಯದು ಎಷ್ಟು? ಮನೆ ಕಟ್ಟುವಾಗ ವಾಸ್ತು ಕೇಳಿದಿರಿ, ಬೋರಿಗೆ ತೆಂಗಿನಕಾಯಿ ಹಿಡಿದು ನೀರು ತೋರಿಸುವವನನ್ನು ಕರೆಸಿದಿರಿ, ಬಂದ ನೀರನ್ನು ಪರೀಕ್ಷೆಗೆ ಕೊಟ್ಟಿರಾ?

ಬಾಗಿಲಿಗೆ ಬರುವ ಫಿಲ್ಟರ್ ಮಾರುವವನನ್ನು ಪರೀಕ್ಷಕ ಎಂದುಕೊಳ್ಳಬೇಡಿ. ಅವನು ನಿಮ್ಮ ನೀರಿನಲ್ಲಿ ಎರಡು ಸರಳು ಅದ್ದಿ ಕರೆಂಟು ಹಾಯಿಸಿ ಕಂದು ರಾಡಿ ಎಬ್ಬಿಸಿ ತೋರಿಸುತ್ತಾನೆ, ನೋಡ್ರಿ ತಾಯಿ, ನಿಮ್ಮ ಮಕ್ಕಳು ಇದನ್ನೇ ಕುಡಿಯುತ್ತಿರುವುದು ಎಂದು ಹೆದರಿಸುತ್ತಾನೆ. ಆ ರಾಡಿ ಬಹುಪಾಲು ಅವನ ಕಬ್ಬಿಣದ ಸರಳಿನದೇ ತುಕ್ಕು. ಅವನ ಫಿಲ್ಟರಿನ ನೀರಿನಲ್ಲಿ ಲವಣವಿಲ್ಲದೆ ಕರೆಂಟು ಸರಿಯಾಗಿ ಹಾಯುವುದಿಲ್ಲ, ಆದ್ದರಿಂದ ಅದು ತಿಳಿಯಾಗಿಯೇ ಉಳಿಯುತ್ತದೆ. ಅವನ ಕೈಯ ಟಿಡಿಎಸ್ ಮೀಟರು ಕರಗಿದ ಲವಣ ಒಟ್ಟು ಎಷ್ಟೆಂದು ಅಂದಾಜು ಹೇಳುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟು, ರೋಗಾಣು ಇವೆಯೇ ಎಂಬುದನ್ನು ಹೇಳುವುದಿಲ್ಲ.

ಫ್ಲೋರೈಡ್ ಎಂದೆನಲ್ಲ. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನಗುವಾಗ ಬಾಯಿಗೆ ಸೆರಗು, ಓಢಣಿ ಅಡ್ಡ ಹಿಡಿಯುವ ಹುಡುಗಿಯರನ್ನು ಎಷ್ಟೋ ಕಂಡಿದ್ದೇನೆ. ಹಲ್ಲಿನ ಮೇಲೆ ಕಂದು ಗೆರೆ. ಹಲ್ಲು ಮೂಡುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಿದ್ದ ನೀರು ಕುಡಿದದ್ದರ ಗುರುತು ಅದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಮ್ಮ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು, 1.5 ದಾಟಬಾರದು. ಕುದಿಸಿದರೆ ಹೋಗುವ ವಸ್ತುವೂ ಅಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ದಟ್ಟವಾಗುತ್ತದೆ. ಗಂಡು ಮಕ್ಕಳ ಹಲ್ಲೂ ಹಾಗೆಯೇ ಇರುತ್ತವೆ, ಅವರು ಬಾಯಿ ತೆರೆದೇ ನಗುತ್ತಾರೆ. ಹುಡುಗಿಗೆ ಮಾತ್ರ "ಹಲ್ಲು ತಿಕ್ಕಂಗಿಲ್ಲ" ಎಂಬ ಬಿರುದು. ನಾನೂ ಹೊಸದರಲ್ಲಿ ಒಬ್ಬಳಿಗೆ ಇದೇ ಮಾತು ಅಂದಿದ್ದೆ, ತರಗತಿಯ ಮುಂದೆ. ಅವಳು ಈಗ ಎಲ್ಲಿದ್ದಾಳೋ ಗೊತ್ತಿಲ್ಲ, ಸಿಕ್ಕರೆ ಕ್ಷಮೆ ಕೇಳಬೇಕಾಗಿದೆ.

ನಮ್ಮ ಜಿಲ್ಲೆಯವರಿಗೆ ಕಿರದಳ್ಳಿ ತಾಂಡಾ ಗೊತ್ತು. ಸುರಪುರ ತಾಲ್ಲೂಕಿನ ಹಳೆಯ ಚಿನ್ನದ ಗಣಿಯ ನೆರೆಯ ಆ ತಾಂಡಾದ ಬೋರಿನ ನೀರಿನಲ್ಲಿ ಆರ್ಸೆನಿಕ್ ಇತ್ತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಬೇಳೆಯೂ ಅದರಲ್ಲಿ ಬೆಂದೀತು. ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲು ಗಂಟುಗಂಟಾಗಿ ಗಡುಸಾದವು, ಮೈಮೇಲೆ ಕಪ್ಪು ಚುಕ್ಕೆ ಎದ್ದವು. ತಜ್ಞರು ಅಲ್ಲಿ ಪರೀಕ್ಷಿಸಿದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಈ ಗುರುತುಗಳಿದ್ದವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಸೊಸೆಯ ಟಬ್ಬಿನ ಪಟ್ಟಿ ಆರ್ಸೆನಿಕ್ ತೋರಿಸುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಪಟ್ಟಿ ಹಿಡಿದು ನೋಡುವ ಚಟ ಇದ್ದವಳು ಪ್ರಯೋಗಾಲಯದ ಬಾಗಿಲನ್ನೂ ತಟ್ಟುತ್ತಾಳೆ.

ನೀರಗಂಟಿಗಳ ಮುಷ್ಟಿಯ ವಿಷಯ ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಎಲ್ಲಾದರೂ ವಾಂತಿಭೇದಿ ಎದ್ದರೆ ಊರ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಎಷ್ಟು? ಮುಷ್ಟಿ ಲೆಕ್ಕ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 100 ಗ್ರಾಂ ಕ್ಲೋರಿನ್. ಪೌಡರಿನಲ್ಲಿ ನೂರಕ್ಕೆ ಮೂವತ್ತು ಪಾಲು ಇದ್ದರೆ ಸುಮಾರು 330 ಗ್ರಾಂ ಪೌಡರು. ಏಳನೆಯ ಇಯತ್ತೆಯ ಹುಡುಗಿ ಮಾಡುವ ಲೆಕ್ಕ. ಅದೂ ತಾಜಾ ಪೌಡರು. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ ಚೀಲದಲ್ಲಿ ಸುಣ್ಣವೇ ಹೆಚ್ಚು, ಕ್ಲೋರಿನ್ ಗಾಳಿಗೆ ಹೋಗಿರುತ್ತದೆ. ಒಂದು ದಿನ ನೀರು ಬಾಯಿಗಿಡಲಾಗದಷ್ಟು ಘಾಟು, ಮರುದಿನ ಏನೂ ಇಲ್ಲ. ಮನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕೆಂಬುದು ನಿಯಮ. ಅಳೆದವರು ಯಾರು?

ಅಳೆಯುವವರು ಇದ್ದಾರೆ, ಕಾಗದದ ಮೇಲೆ. ಕೇಂದ್ರ ಸರಕಾರ 2019ರಲ್ಲಿ ತಂದ ಜಲಜೀವನ್ ಮಿಷನ್ನಿನಲ್ಲಿ, ಅದೇ ನಮ್ಮ ರಾಜ್ಯದ "ಮನೆ ಮನೆಗೆ ಗಂಗೆ"ಯಲ್ಲಿ, ಪ್ರತಿ ಊರಿನ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು, ಪರೀಕ್ಷೆಯ ಪೆಟ್ಟಿಗೆ ಅವರ ಕೈಯಲ್ಲಿರಬೇಕು ಎಂದಿದೆ. ಹೆಂಗಸರಿಗೇ ಎಂದು ಬರೆದವರು ಬುದ್ಧಿವಂತರು. ಬೇಳೆ, ಸಾಬೂನು, ಚಹಾದ ಬಣ್ಣಗಳಿಂದ ನೀರನ್ನು ಅಳೆಯುತ್ತ ಬಂದವರು ನಾವೇ ಅಲ್ಲವೆ? ಆದರೆ ನಮ್ಮ ಸೀಮೆಯ ಒಂದು ಊರಿನಲ್ಲಿ (ಹೆಸರು ಬೇಡ, ಜಗಳ ಬೇಕಾಗಿಲ್ಲ) ಆ ಪೆಟ್ಟಿಗೆ ಪಂಚಾಯಿತಿಯ ಕಪಾಟಿನಲ್ಲಿದೆ. ತರಬೇತಿ ಪಡೆದ ಹೆಣ್ಣುಮಗಳೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. "ಅಕ್ಕೋರ, ಒಂದ್ ದಿನ ಬಾಟ್ಲಿ ಹಿಡ್ಕೊಂಡು ಫೋಟೋ ತೆಗಿಸ್ಕೊಂಡ್ವಿ, ಆಮ್ಯಾಲ ಕೀಲಿ ಹಾಕ್ಯಾರ್ರಿ" ಎಂದಳು. ಕೀಲಿ ಕೇಳಲು ಹೋದರೆ ಸಾಹೇಬರು ಬರಲಿ ಎಂದು ಉತ್ತರ. ಒಳಗಿನ ಔಷಧಗಳ ಅವಧಿ ಮುಗಿದಿರಲೂಬಹುದು. ಬಾಗಿಲು ತೆರೆದರಲ್ಲವೆ ನೋಡುವುದು!

ಕಲಬುರಗಿಯ ಟಬ್ಬಿನ ಪಕ್ಕದಲ್ಲಿ ಈಗ ಒಂದು ನೂರು ಪುಟದ ನೋಟುಬುಕ್ಕು ತೂಗಾಡುತ್ತಿದೆ. ತಾರೀಖು, ಪಿಎಚ್, ಕ್ಷಾರೀಯತೆ, ಕ್ಲೋರಿನ್, ಯಾರು ಯಾರು ಇಳಿದರು, ಎಲ್ಲವೂ ಸೊಸೆಯ ಅಕ್ಷರದಲ್ಲಿ. ಹೋದ ತಿಂಗಳು ಅಂಕಿ ಸರಿ ಇಲ್ಲವೆಂದು ಗಂಡನ ಗೆಳೆಯರನ್ನೇ ಇಳಿಯಗೊಡಲಿಲ್ಲವಂತೆ. ತಮ್ಮ ಫೋನು ಮಾಡಿ, "ಅಕ್ಕ, ನೀ ಆಕಿಗಿ ಏನ್ ಕಲಸಿ ಹ್ವಾದಿ?" ಎಂದು ಗೊಣಗಿದ. ತಮ್ಮನ ಹೆಂಡತಿ ಇನ್ನೂ ಬದನೆಕಾಯಿಯ ಪಕ್ಷವೇ. ಆದರೆ ಮೊನ್ನೆ ಸಾರಿನ ಬೇಳೆ ಬೇಯದಿದ್ದಾಗ, "ಯಾವ ನೀರ್ ಹಾಕೀದಿ, ಬೋರಿಂದೋ ನಳದ್ದೋ?" ಎಂದು ಮೊದಲು ಕೇಳಿದಳಂತೆ.

ಬರುವ ಸೋಮವಾರ ನಾವು ಆರು ಮಂದಿ ಆ ಕಪಾಟಿನ ಕೀಲಿ ಕೇಳಲು ಹೊರಟಿದ್ದೇವೆ. ಸಾಹೇಬರು ಬಂದರೂ ಸರಿ, ಬಾರದಿದ್ದರೂ ಸರಿ, ಸಂಜೆಯ ತನಕ ಕೂಡುವುದೆಂದು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಸೊಸೆಯೂ ಕಲಬುರಗಿಯಿಂದ ಬಸ್ಸು ಹತ್ತಿ ಬರುತ್ತೇನೆಂದಿದ್ದಾಳೆ, ಪಟ್ಟಿಯ ಡಬ್ಬಿ ಹಿಡಿದುಕೊಂಡು.